ಲಾರಿ ನಮ್ಮದು, ಪಾಸ್‌ವರ್ಡ್ ಯಾರದು?

'ಎಂಜಿನ್ ಸೀಜ್ ಆಗಿದೆ' ಅಂದರೂ ಲಾರಿ ಮಾಲೀಕರು ತಡೆದುಕೊಳ್ಳುತ್ತಾರೆ. ಎಷ್ಟು ಖರ್ಚು ಬರುತ್ತದೆ, ಎಷ್ಟು ದಿನ ಹಿಡಿಯುತ್ತದೆ, ಯಾವ ಊರಿನ ಲೇತ್‌ನವರು ಚೆನ್ನಾಗಿ ಬೋರ್ ಮಾಡಿಕೊಡುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. 'ಇಸಿಎಂ ಹೋಗಿದೆ' ಅಂದು ನೋಡಿ, ಮುಖ ಬಿಳಚಿಕೊಳ್ಳುತ್ತದೆ. ಎರಡು ಅಂಗೈ ಅಗಲದ ಒಂದು ಅಲ್ಯೂಮಿನಿಯಂ ಡಬ್ಬಿ. ಅದರೊಳಗೆ ಏನಿದೆಯೋ ಗೊತ್ತಿಲ್ಲ, ಬೆಲೆ ಎಷ್ಟು ಹೇಳುತ್ತಾರೋ ಗೊತ್ತಿಲ್ಲ, ಯಾವತ್ತು ಬರುತ್ತದೋ ಗೊತ್ತಿಲ್ಲ. ಬಂದ ಮೇಲೆ ಅದನ್ನು ಕೂರಿಸಿ ಗಾಡಿ ಸ್ಟಾರ್ಟ್ ಮಾಡಿಕೊಡಲು ಯಾರಿಗೆ ಅಧಿಕಾರವಿದೆ ಎಂಬುದಂತೂ ಮೊದಲೇ ಗೊತ್ತಿಲ್ಲ.

ನಾನು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಹಿರಿಯೂರಿನ ಬಳಿ ಹೆದ್ದಾರಿ ಪಕ್ಕದ ಒಂದು ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ಬೆಂಗಳೂರಿಗೆ ಹೋಗುವ ಲಾರಿಗಳೂ, ಬಳ್ಳಾರಿ, ಚಳ್ಳಕೆರೆ ಕಡೆಯಿಂದ ಇಳಿಯುವ ಲಾರಿಗಳೂ ಸೇರುವ ಜಾಗ ಇದು. ಇಲ್ಲಿ ನಿಂತು ನೋಡುವವನಿಗೆ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಲಾರಿಗೆ ಕಂಪ್ಯೂಟರ್ ಬಂದದ್ದರಿಂದ ನಮಗೆ ತೊಂದರೆಯಾಗಿಲ್ಲ. ಆ ಕಂಪ್ಯೂಟರಿಗೆ ಕಂಪನಿಗಳು ಹಾಕಿರುವ ಬೀಗದಿಂದ ಆಗಿದೆ. ಬೀಗ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದರ ಕೈ ಕಂಪನಿಯ ಜೇಬಿನಲ್ಲಿ ಮಾತ್ರ ಇರಬೇಕು ಎಂಬುದು ನ್ಯಾಯವಲ್ಲ.

ಹಳಬರು ಹೇಳುವ ಕಾಲ ಬೇರೆ. ಆಗ ಡೀಸೆಲ್ ಲಾರಿ ಓಡಲು ಕರೆಂಟೇ ಬೇಕಿರಲಿಲ್ಲ ಅನ್ನಬಹುದು. ಸ್ಟಾರ್ಟ್ ಮಾಡಲು ಬ್ಯಾಟರಿ ಬೇಕಿತ್ತು, ಅದೂ ಸತ್ತಿದ್ದರೆ ಇಳಿಜಾರಿನಲ್ಲಿ ತಳ್ಳಿ ಗೇರ್ ಬಿಟ್ಟರೆ ಎಂಜಿನ್ ಎದ್ದು ಕೂರುತ್ತಿತ್ತು. ಡೀಸೆಲ್ ಪಂಪು ಪೂರ್ತಿ ಕಬ್ಬಿಣದ ಲೆಕ್ಕಾಚಾರ. ಅದನ್ನು ಬಿಚ್ಚಿ ಕಟ್ಟುವವರು ಪ್ರತಿ ಊರಿನಲ್ಲೂ ಇದ್ದರು. 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-4 ಬಂದಾಗ ಬಹಳಷ್ಟು ಲಾರಿಗಳಿಗೆ ಎಲೆಕ್ಟ್ರಾನಿಕ್ಸ್ ಹೊಕ್ಕಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ತಪ್ಪಿಸಿಕೊಳ್ಳುವ ದಾರಿಯೇ ಉಳಿಯಲಿಲ್ಲ. ಈಗ ರೈಲಿನಲ್ಲಿ ಡೀಸೆಲ್ 1,600ರಿಂದ 2,000 ಬಾರ್ ಒತ್ತಡದಲ್ಲಿ ನಿಂತಿರುತ್ತದೆ. ಲಾರಿ ಟೈರಿನ ಒತ್ತಡ ಸುಮಾರು 8 ಬಾರ್ ಎಂದರೆ ಇದೆಷ್ಟು ಎಂದು ನೀವೇ ಲೆಕ್ಕ ಹಾಕಿ. ಆ ಡೀಸೆಲನ್ನು ಯಾವ ಸಿಲಿಂಡರಿಗೆ, ಯಾವ ಕ್ಷಣದಲ್ಲಿ, ಎಷ್ಟು ಹೊತ್ತು ಬಿಡಬೇಕು ಎಂದು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ನಿರ್ಧರಿಸುವುದು ಇಸಿಎಂ. ಸೈಲೆನ್ಸರಿನ ಕಡೆ ಎಷ್ಟು ಯೂರಿಯಾ ದ್ರಾವಣ ಸಿಂಪಡಿಸಬೇಕು ಎಂಬ ಲೆಕ್ಕವೂ ಅದರ ಕೈಯಲ್ಲೇ, ಇಲ್ಲವೇ ಅದರ ಜೊತೆ ಮಾತಾಡುವ ಇನ್ನೊಂದು ಡಬ್ಬಿಯ ಕೈಯಲ್ಲಿ.

ಹಳೆಯದೇ ಚೆಂದ ಇತ್ತು ಎಂದು ಹಾಡುವವನು ನಾನಲ್ಲ. ಆ ಲಾರಿಗಳ ಹಿಂದೆ ಬೈಕಿನಲ್ಲಿ ಘಾಟಿ ಹತ್ತಿದವರಿಗೆ ಆ ಕಪ್ಪು ಹೊಗೆ ನೆನಪಿರುತ್ತದೆ. ಹೊಸ ಎಂಜಿನ್ ಹೊಗೆ ಕಡಿಮೆ ಬಿಡುತ್ತದೆ, ಡೀಸೆಲ್ ಲೆಕ್ಕ ಇಟ್ಟು ಕುಡಿಯುತ್ತದೆ, ತನ್ನ ರೋಗ ಏನೆಂದು ತಾನೇ ಕೋಡ್‌ನಲ್ಲಿ ಹೇಳುತ್ತದೆ. ಕೇಳಿಸಿಕೊಳ್ಳುವ ಕಿವಿ ನಮ್ಮ ಬಳಿ ಇರಬೇಕಷ್ಟೆ.

ಇಲ್ಲಿ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. 'ಇಸಿಎಂ ಹೋಗಿದೆ' ಎಂಬ ತೀರ್ಪು ಎಷ್ಟೋ ಸಲ ಸುಳ್ಳು. ಪತ್ತೆ ಹಚ್ಚಲು ಆಗದ್ದನ್ನೆಲ್ಲ ಆ ಡಬ್ಬಿಯ ತಲೆಗೆ ಕಟ್ಟುವ ಚಾಳಿ ಗ್ಯಾರೇಜಿನವರಿಗೂ ಇದೆ, ಕಂಪನಿಯ ಸರ್ವಿಸ್ ಸೆಂಟರಿನವರಿಗೂ ಇದೆ. ನಮ್ಮ ಮೇಸ್ತ್ರಿ ಓದಿದ್ದು ಏಳನೇ ಕ್ಲಾಸು. ಅವರು ನನಗೆ ಮೊದಲ ವಾರ ಹೇಳಿದ ಮಾತು, "ಡಬ್ಬಿ ಮೇಲೆ ಕಂಪ್ಲೇಂಟ್ ಹೇಳೋಕೆ ಮುಂಚೆ ಬ್ಯಾಟರಿ ಕಡೆ ಹೋಗು ತಮ್ಮಾ. ಅದಕ್ಕೆ ಊಟ ಹಾಕದೆ ಕೆಲಸ ಮಾಡ್ತಿಲ್ಲ ಅಂತ ಬೈಬಾರದು." ಡಿಪ್ಲೊಮಾದ ಮೂರು ವರ್ಷದಲ್ಲಿ ಯಾರೂ ನನಗೆ ಇಷ್ಟು ಸರಳವಾಗಿ ಹೇಳಿರಲಿಲ್ಲ.

ಈರುಳ್ಳಿ ಸೀಸನ್ನಿನಲ್ಲಿ ಚಳ್ಳಕೆರೆ ಕಡೆಯಿಂದ ಯಶವಂತಪುರಕ್ಕೆ ಹೊರಟಿದ್ದ ಒಂದು ಲಾರಿ ನಮ್ಮಲ್ಲಿಗೆ ಬಂತು. ಮಳೆಗಾಲ, ಮೇಲೆ ಟಾರ್ಪಾಲು, ಒಳಗೆ ಈರುಳ್ಳಿ ಬಿಸಿಯಾಗಿ ಬೆವರುತ್ತಿತ್ತು. ಸ್ಟಾರ್ಟರ್ ಸುತ್ತುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಒಮ್ಮೊಮ್ಮೆ ಹಿಡಿದರೂ ನಾಲ್ಕು ಕಿಲೋಮೀಟರ್ ಹೋಗಿ ನಿಲ್ಲುತ್ತದೆ. ದಾರಿಯಲ್ಲಿ ನೋಡಿದವರು ಇಸಿಎಂ ಹೋಗಿದೆ ಎಂದು ಹೇಳಿ, ಲಕ್ಷದ ಹತ್ತಿರದ ಎಸ್ಟಿಮೇಟೂ ಬಾಯಲ್ಲೇ ಕೊಟ್ಟಿದ್ದರು. ಬ್ಯಾಟರಿ ಮೇಲೆ ಮೀಟರ್ ಇಟ್ಟರೆ 25 ವೋಲ್ಟ್, ಏನೂ ದೋಷವಿಲ್ಲ. ಆದರೆ ಇಸಿಎಂನ ಪಿನ್ನಿನ ಬಳಿ ಮೀಟರ್ ಹಿಡಿದು, ಡ್ರೈವರಣ್ಣನಿಗೆ ಕೀ ತಿರುಗಿಸಲು ಹೇಳಿದಾಗ, ಸ್ಟಾರ್ಟರ್ ಸುತ್ತುತ್ತಿದ್ದ ಹಾಗೆ ಅಲ್ಲಿನ ವೋಲ್ಟೇಜು ಪಾತಾಳಕ್ಕೆ ಇಳಿಯಿತು. ಬ್ಯಾಟರಿಯಲ್ಲಿ ಇದ್ದದ್ದು ಡಬ್ಬಿಗೆ ತಲುಪುತ್ತಿರಲಿಲ್ಲ. ಹುಡುಕುತ್ತಾ ಹೋದರೆ ಚಾಸಿಗೆ ಬಿಗಿಯುವ ಅರ್ತ್ ಕೇಬಲ್ಲು ಸಿಕ್ಕಿತು. ಯಾವಾಗಲೋ ಬಾಡಿ ಕೆಲಸ ಮಾಡಿದವರು ಅದರ ಅಡಿ ಪೇಂಟ್ ಹೊಡೆದು ಮೇಲೆ ಬೋಲ್ಟ್ ಬಿಗಿದಿದ್ದರು. ಪೇಂಟಿನ ಕೆಳಗೆ ತುಕ್ಕು. ಉಪ್ಪುಕಾಗದ ಹಾಕಿ ಉಜ್ಜಿ, ಹೊಸ ಬೋಲ್ಟು, ವಾಷರು ಹಾಕಿದೆವು. ಈರುಳ್ಳಿ ಮಾರನೇ ದಿನ ಮಾರುಕಟ್ಟೆ ಸೇರಿತು.

ಇಂಥದ್ದನ್ನು ಹಿಡಿಯಲು ದುಬಾರಿ ಯಂತ್ರ ಬೇಕಿಲ್ಲ. ತಂತಿಯ ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು 24 ವೋಲ್ಟ್ ಎಂದೇ ತೋರಿಸುತ್ತದೆ. ಅದೇ ತಂತಿಗೆ ಒಂದು ಹೆಡ್‌ಲೈಟ್ ಬಲ್ಬು ಕಟ್ಟಿ ಉರಿಸಿ ನೋಡಿ, ಬಣ್ಣ ಬಯಲಾಗುತ್ತದೆ. ಬಲ್ಬು ಮಂಕಾದರೆ ದೋಷ ತಂತಿಯಲ್ಲಿದೆ, ಫ್ಯೂಸಿನಲ್ಲಿದೆ ಅಥವಾ ರಿಲೇಯಲ್ಲಿದೆ.

ಇನ್ನೊಂದು ಮೋಸದ ಜಾಗ 5 ವೋಲ್ಟಿನದು. ಎಕ್ಸಲರೇಟರ್ ಪೆಡಲ್, ರೈಲ್ ಪ್ರೆಷರ್, ಬೂಸ್ಟ್ ಪ್ರೆಷರ್ ಮುಂತಾದ ಸೆನ್ಸರ್‌ಗಳಿಗೆ ಇಸಿಎಂ ತಾನೇ 5 ವೋಲ್ಟ್ ಕರೆಂಟ್ ಕೊಡುತ್ತದೆ. ಹಲವು ಸೆನ್ಸರ್‌ಗಳು ಒಂದೇ ಲೈನನ್ನು ಹಂಚಿಕೊಂಡಿರುತ್ತವೆ. ಅದರಲ್ಲಿ ಒಂದು ಶಾರ್ಟ್ ಆದರೆ ಲೈನಿಗೆ ಲೈನೇ ಕುಸಿಯುತ್ತದೆ. ಆಗ ಸ್ಕ್ಯಾನರ್ ಹಾಕಿದರೆ ಒಟ್ಟಿಗೆ ಆರೇಳು ಕೋಡ್ ಬರುತ್ತವೆ. ಇಷ್ಟೊಂದು ಸೆನ್ಸರ್ ಒಟ್ಟಿಗೆ ಹೋಗಲು ಸಾಧ್ಯವಿಲ್ಲ, ಹಾಗಾದರೆ ಇಸಿಎಂ ಹೋಗಿರಬೇಕು ಎಂದು ಅವಸರದವರು ತೀರ್ಮಾನಿಸುತ್ತಾರೆ. ಸಮಾಧಾನದವರು ಸೆನ್ಸರ್ ಕನೆಕ್ಟರುಗಳನ್ನು ಒಂದೊಂದಾಗಿ ಕಳಚುತ್ತಾ ಮೀಟರು ನೋಡುತ್ತಾರೆ. ಕಳ್ಳ ಸೆನ್ಸರನ್ನು ಕಳಚಿದ ಕ್ಷಣ 5 ವೋಲ್ಟ್ ವಾಪಸ್ ಬಂದು ನಿಲ್ಲುತ್ತದೆ. ಹಾಗೆಯೇ ಲಾರಿಯ ಡಬ್ಬಿಗಳು ಪರಸ್ಪರ ಮಾತಾಡಿಕೊಳ್ಳುವ ಎರಡು ಹೆಣೆದ ತಂತಿಗಳಿವೆ, ಕ್ಯಾನ್ ಲೈನ್ ಅನ್ನುತ್ತೇವೆ. ಬ್ಯಾಟರಿ ಕಳಚಿ ಅವುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. ಎರಡು ತುದಿಗೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ ಈ ಲೆಕ್ಕ. 120 ತೋರಿಸಿದರೆ ಎಲ್ಲೋ ಒಂದು ಕಡೆ ಲೈನು ಕಡಿದಿದೆ ಎಂದರ್ಥ. ಆಗ 'ಡಬ್ಬಿ ಮಾತಾಡುತ್ತಿಲ್ಲ' ಎಂದು ಡಬ್ಬಿಯನ್ನೇ ಬದಲಿಸಿದರೆ ಹೊಸ ಡಬ್ಬಿಯೂ ಮಾತಾಡುವುದಿಲ್ಲ.

ಇಷ್ಟೆಲ್ಲ ಪರೀಕ್ಷೆ ಮಾಡಿದ ಮೇಲೂ ಕೆಲವು ಡಬ್ಬಿಗಳು ನಿಜವಾಗಿಯೂ ಸತ್ತಿರುತ್ತವೆ. ಬಹಳಷ್ಟು ಸಲ ಅವು ತಾವಾಗಿ ಸತ್ತಿರುವುದಿಲ್ಲ, ನಾವೇ ಕೊಂದಿರುತ್ತೇವೆ. ಬ್ಯಾಟರಿ ಕೇಬಲ್ ಕಳಚದೆ, ಇಸಿಎಂ ಕನೆಕ್ಟರ್ ತೆಗೆಯದೆ ಚಾಸಿಗೆ ವೆಲ್ಡಿಂಗ್ ಹೊಡೆಯುವುದು, ಸರ್ವಿಸ್ ಸ್ಟೇಷನ್ನಿನಲ್ಲಿ ಪ್ರೆಷರ್ ನೀರನ್ನು ನೇರ ಕನೆಕ್ಟರ್ ಮೇಲೆ ಬಿಡುವುದು, ರಾತ್ರಿ ಕತ್ತಲಲ್ಲಿ ಇನ್ನೊಂದು ಲಾರಿಯಿಂದ ಜಂಪ್ ಕೊಡುವಾಗ ಪ್ಲಸ್ಸು ಮೈನಸ್ಸು ಅದಲುಬದಲು ಮಾಡುವುದು, ಎಲ್ಲವೂ ನಡೆಯುತ್ತವೆ. ಬಂಪರಿಗೊಂದು ಗಾರ್ಡ್ ಹಾಕಿಸಲು ಹೋಗಿ ಇಸಿಎಂ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ವೆಲ್ಡಿಂಗ್ ಅಂಗಡಿಗಳಲ್ಲಿ 'ಇಂದು ನಗದು ನಾಳೆ ಸಾಲ' ಎಂಬ ಬೋರ್ಡಿನ ಪಕ್ಕ 'ಬ್ಯಾಟರಿ ಕಳಚಿ' ಎಂಬುದನ್ನೂ ಬರೆಸಿದರೆ ಎಷ್ಟೋ ಜನರ ದುಡ್ಡು ಉಳಿಯುತ್ತದೆ.

ಈಗ ಬೀಗದ ವಿಷಯಕ್ಕೆ ಬರೋಣ. ಅದೇ ಮಳೆಗಾಲದಲ್ಲಿ ಒಂದೇ ಲಾರಿ ಇಟ್ಟುಕೊಂಡು ತಾವೇ ಓಡಿಸುವ ಒಬ್ಬರ ಗಾಡಿ ನಿಂತಿತು. ಪವರ್ ಸರಿಯಿದೆ, ಅರ್ತ್ ಸರಿಯಿದೆ, ಕ್ಯಾನ್ ಲೈನ್ ಸರಿಯಿದೆ, ಬೇರೆ ಡಬ್ಬಿಗಳೆಲ್ಲ ಮಾತಾಡುತ್ತಿವೆ. ಇಸಿಎಂ ಮಾತ್ರ ಮೌನ, 5 ವೋಲ್ಟೂ ಹೊರಗೆ ಬರುತ್ತಿಲ್ಲ. ಕನೆಕ್ಟರ್ ಕಳಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ನೀರು ಒಳಗೆ ಹೋಗಿತ್ತು. ಸಂಶಯಕ್ಕೆ ಜಾಗವಿರಲಿಲ್ಲ. ಹೊಸ ಡಬ್ಬಿ ಹಾಕುವ ಕೆಲಸವಾದರೂ ಎಷ್ಟು? ನಾಲ್ಕು ಬೋಲ್ಟು, ಎರಡು ಕನೆಕ್ಟರು, ಅರ್ಧ ಗಂಟೆ. ಕಿಲುಬು ಹಿಡಿದ ಪಿನ್ನುಗಳನ್ನು ಬದಲಿಸಲು ಇನ್ನೊಂದೆರಡು ಗಂಟೆ. ಆದರೆ ಡಬ್ಬಿಯನ್ನು ನಮಗೆ ಮಾರುವುದಿಲ್ಲ ಎಂದರು, ಗಾಡಿಯನ್ನು ಅಧಿಕೃತ ಸರ್ವಿಸ್ ಸೆಂಟರಿಗೇ ತರಬೇಕು. ಲಾರಿಯನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆಸಿದ್ದಾಯಿತು. ಡಬ್ಬಿ ಬರಲು ಐದು ದಿನ. ಬಂದ ಡಬ್ಬಿಗೆ ಪ್ರೋಗ್ರಾಂ ಹಾಕುವ ಲ್ಯಾಪ್‌ಟಾಪು ಮತ್ತು ಅದರ ಲಾಗಿನ್ ಇರುವ ಮನುಷ್ಯ ಬರಲು ಮತ್ತೆ ಆರು ದಿನ. ಅವರು ಬಂದ ಮೇಲೆ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಹನ್ನೊಂದು ದಿನ ಲಾರಿ ನಿಂತಿತ್ತು. ಬಾಡಿಗೆ ಹೋಯಿತು, ಕಾಯಂ ಲೋಡ್ ಕೊಡುತ್ತಿದ್ದವರು ಬೇರೆಯವರನ್ನು ನೋಡಿಕೊಂಡರು. ಫೈನಾನ್ಸಿನವರ ಕಂತಿನ ತಾರೀಖು ಮಾತ್ರ ಮುಂದಕ್ಕೆ ಹೋಗಲಿಲ್ಲ.

ಡಬ್ಬಿ ಬದಲಿಸಿದರೆ ಸಾಲದೇ, ಪ್ರೋಗ್ರಾಂ ಏಕೆ ಎಂದು ಕೇಳಬಹುದು. ಕಾರಣ ಇದೆ. ಹೊಸ ಇಸಿಎಂ ಖಾಲಿ ಸ್ಲೇಟು ಇದ್ದ ಹಾಗೆ. ಅದಕ್ಕೆ ಈ ಮಾದರಿಯ ಎಂಜಿನ್ನಿಗೆ ತಕ್ಕ ಸಾಫ್ಟ್‌ವೇರು ಹಾಕಬೇಕು, ಲಾರಿಯ ಚಾಸಿ ನಂಬರ್ ಬರೆಯಬೇಕು. ಪ್ರತಿ ಇಂಜೆಕ್ಟರ್ ತಯಾರಾಗುವಾಗ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ. ಆ ವ್ಯತ್ಯಾಸವನ್ನು ಹೇಳುವ ಒಂದು ಕೋಡನ್ನು ಇಂಜೆಕ್ಟರಿನ ತಲೆಯ ಮೇಲೆ ಅಚ್ಚು ಹಾಕಿರುತ್ತಾರೆ. ಅದನ್ನು ಸಿಲಿಂಡರಿನ ಅನುಕ್ರಮದಲ್ಲೇ ಇಸಿಎಂಗೆ ಕೊಡದಿದ್ದರೆ ಎಂಜಿನ್ ಒರಟಾಗಿ ಓಡುತ್ತದೆ, ಹೊಗೆ ಬರುತ್ತದೆ. ಇಮ್ಮೊಬಿಲೈಸರ್ ಇರುವ ಗಾಡಿಯಲ್ಲಿ ಕೀಗೂ ಡಬ್ಬಿಗೂ ಪರಿಚಯ ಮಾಡಿಸಬೇಕು. ವೇಗದ ಮಿತಿ ಮೊದಲಿದ್ದ ಹಾಗೆ ಕೂರಿಸಬೇಕು. ಹಳೆ ಡಬ್ಬಿ ಅರೆಜೀವದಲ್ಲಿದ್ದರೆ ಅದರೊಳಗಿನ ಮಾಹಿತಿಯನ್ನೇ ಓದಿ ಹೊಸದಕ್ಕೆ ನಕಲು ಮಾಡಬಹುದು. ಪೂರ್ತಿ ಸತ್ತಿದ್ದರೆ ಕಂಪನಿಯ ಸರ್ವರಿನಿಂದಲೇ ಇಳಿಸಿಕೊಳ್ಳಬೇಕು. ಅಲ್ಲೇ ಗೇಟು.

ಗೇಟು ಮುಚ್ಚಿದಾಗ ಜನ ಗೋಡೆ ಹಾರುತ್ತಾರೆ. ಗುಜರಿಯಿಂದ ಅದೇ ನಂಬರಿನ ಹಳೆ ಡಬ್ಬಿ ತಂದು ಹಾಕುತ್ತಾರೆ. ಹೊರಗಿನ ನಂಬರ್ ಒಂದೇ ಇದ್ದರೂ ಒಳಗಿನ ಸಾಫ್ಟ್‌ವೇರು ಬೇರೆ ಇರಬಹುದು, ಕೀ ಒಪ್ಪದೆ ಇರಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ದೆಹಲಿಯ ಕಾಶ್ಮೀರಿ ಗೇಟಿನಲ್ಲಿ ಯಾರೋ ರಿಪೇರಿ ಮಾಡುತ್ತಾರಂತೆ ಎಂದು ಕೇಳಿ ಕೊರಿಯರ್ ಮಾಡುತ್ತಾರೆ. ಕೆಲವರು ನಿಜಕ್ಕೂ ಬುದ್ಧಿವಂತರು. ಒಳಗಿನ ಬೋರ್ಡಿನಲ್ಲಿ ಸುಟ್ಟುಹೋದ ಒಂದು ಭಾಗವನ್ನು ಮಾತ್ರ ಬದಲಿಸಿ ಕಳುಹಿಸುವ ಕೈಚಳಕ ಅವರಿಗಿದೆ. ಅವರನ್ನು ಸರ್ಕಾರ ಕರೆದು ಕೂರಿಸಿ ಪಾಠ ಹೇಳಿಸಬೇಕು. ಬದಲಿಗೆ ಅವರು ಕದ್ದ ಸಾಫ್ಟ್‌ವೇರು ಇಟ್ಟುಕೊಂಡು ಬಾಗಿಲು ಅರ್ಧ ಮುಚ್ಚಿ ಕೆಲಸ ಮಾಡಬೇಕಾಗಿದೆ. ಅಂಥ ಕೆಲಸಕ್ಕೆ ಬಿಲ್ಲೂ ಇಲ್ಲ, ಗ್ಯಾರಂಟಿಯೂ ಇಲ್ಲ. ಕೆಟ್ಟರೆ ಕೇಳುವವರೂ ಇಲ್ಲ.

ಕಂಪನಿಗಳ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಎಲ್ಲರಿಗೂ ಬಾಗಿಲು ತೆರೆದರೆ ಎಂಜಿನ್ನಿನ ಪವರ್ ಏರಿಸುತ್ತಾರೆ, ಸ್ಪೀಡ್ ಲಿಮಿಟ್ ತೆಗೆಯುತ್ತಾರೆ, ಹೊಗೆ ನಿಯಂತ್ರಣ ಕಿತ್ತೊಗೆಯುತ್ತಾರೆ ಎನ್ನುತ್ತಾರೆ. ಇದು ಸುಳ್ಳಲ್ಲ. 'ಯೂರಿಯಾ ಕಟ್ ಮಾಡಿಕೊಡ್ತೀವಿ' ಎಂದು ಹೇಳಿಕೊಂಡು ಓಡಾಡುವವರು ನಮ್ಮ ಹೆದ್ದಾರಿಯಲ್ಲೂ ಇದ್ದಾರೆ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಎಮ್ಯುಲೇಟರ್ ಸಿಕ್ಕಿಸಿ, ಯೂರಿಯಾ ಹೋಗುತ್ತಿದೆ ಎಂದು ಇಸಿಎಂಗೆ ಸುಳ್ಳು ಹೇಳಿಸುತ್ತಾರೆ. ಉಳಿಯುವ ಯೂರಿಯಾ ದುಡ್ಡು ಮಾಲೀಕನಿಗೆ, ನೈಟ್ರೋಜನ್ ಆಕ್ಸೈಡು ಊರಿನ ಮಕ್ಕಳ ಶ್ವಾಸಕೋಶಕ್ಕೆ. ಅವರ ಮೇಲೆ ನನಗೆ ಕನಿಕರವಿಲ್ಲ, ಹಿಡಿದು ದಂಡ ಹಾಕಲಿ. ಆದರೆ ಗಮನಿಸಿ, ಈಗಿನ ಬೀಗ ಅವರನ್ನು ತಡೆದಿದೆಯೇ? ಅವರ ಬಳಿ ಕಳ್ಳ ಕೀ ಮೊದಲೇ ಇದೆ. ಬಾಗಿಲ ಹೊರಗೆ ನಿಂತವನು ರಸೀದಿ ಪುಸ್ತಕ, ಜಿಎಸ್‌ಟಿ ನಂಬರು ಇಟ್ಟುಕೊಂಡು ಸರಿಯಾದ ಸಾಫ್ಟ್‌ವೇರನ್ನು ಸರಿಯಾದ ಗಾಡಿಗೆ ಹಾಕಲು ಬಯಸುವ ಮೆಕ್ಯಾನಿಕ್ಕು. ಲಾಗಿನ್ ಕೊಟ್ಟು ಕೆಲಸ ಮಾಡಿಸಿದರೆ ಯಾರು, ಯಾವತ್ತು, ಯಾವ ಲಾರಿಗೆ ಏನು ಬರೆದರು ಎಂಬ ದಾಖಲೆ ಸರ್ವರಿನಲ್ಲೇ ಉಳಿಯುತ್ತದೆ. ಕದ್ದು ಮಾಡಿದ್ದಕ್ಕೆ ಯಾವ ದಾಖಲೆ ಇದೆ?

ಇದು ಆಗದ ಮಾತಲ್ಲ, ಬೇರೆ ದೇಶಗಳಲ್ಲಿ ಆಗಿದೆ. ಯುರೋಪಿಯನ್ ಒಕ್ಕೂಟದಲ್ಲಿ 2018ರಲ್ಲಿ ಮಾಡಿದ ನಿಯಮ 2020ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕಾರು ಮಾತ್ರವಲ್ಲ, ಲಾರಿ ತಯಾರಕರೂ ರಿಪೇರಿ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೆ ಕೊಡಲೇಬೇಕು. ಪುಕ್ಕಟೆ ಕೊಡಬೇಕೆಂದಿಲ್ಲ, ನ್ಯಾಯವಾದ ಶುಲ್ಕ ಪಡೆಯಬಹುದು. ಗಂಟೆಗೆ, ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ ಎಂದು ಬೇರೆ ಬೇರೆ ದರದಲ್ಲಿ ಒದಗಿಸಬೇಕು. ನಮ್ಮಂಥ ಸಣ್ಣ ಗ್ಯಾರೇಜಿಗೆ ಇದು ದೊಡ್ಡ ವಿಷಯ. ತಿಂಗಳಿಗೊಂದು ಇಸಿಎಂ ಬದಲಿಸುವವನು ಇಡೀ ವರ್ಷದ ಚಂದಾ ಏಕೆ ಕಟ್ಟಬೇಕು? ಕೀ ಮತ್ತು ಇಮ್ಮೊಬಿಲೈಸರಿನಂಥ ಕಳ್ಳತನಕ್ಕೆ ಸಂಬಂಧಿಸಿದ ಕೆಲಸಕ್ಕೆ ಅಲ್ಲಿ ಬೇರೆ ವ್ಯವಸ್ಥೆ ಇದೆ: ಮೆಕ್ಯಾನಿಕ್ಕಿನ ಪೂರ್ವಾಪರ ಪರಿಶೀಲಿಸಿ, ಮಾನ್ಯತೆ ಕೊಟ್ಟು, ಆಮೇಲೆ ಪ್ರವೇಶ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲೇ ವಾಹನ ರಿಪೇರಿ ಹಕ್ಕಿನ ಕಾನೂನು ಬಂತು, ಅದೂ ಜನರ ಮತ ಹಾಕಿಸಿ. ಅಲ್ಲಿನ ರೈತರು ತಮ್ಮ ಟ್ರ್ಯಾಕ್ಟರಿನ ಸಾಫ್ಟ್‌ವೇರಿಗಾಗಿ ವರ್ಷಗಟ್ಟಲೆ ಜಗಳವಾಡಿ, 2023ರ ಜನವರಿಯಲ್ಲಿ ದೊಡ್ಡ ತಯಾರಕ ಕಂಪನಿಯೊಂದರಿಂದ ಒಪ್ಪಂದ ಬರೆಸಿಕೊಂಡರು.

ನಮ್ಮಲ್ಲಿ ಏನೂ ಆಗಿಲ್ಲ ಎಂದಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನೂ ರೋಗ ಪತ್ತೆ ಮಾಡುವ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಯಲ್ಲಿ ಸಿಗದ ಹಾಗೆ ಮಾಡಿದ್ದಾರೆ, ಸ್ವತಂತ್ರ ಗ್ಯಾರೇಜುಗಳಿಗೆ ತಾಂತ್ರಿಕ ಮಾಹಿತಿ ಕೊಟ್ಟಿಲ್ಲ ಎಂಬುದೇ ಆರೋಪ. ಕಂಪನಿಗಳು ಮೇಲ್ಮನವಿಗೆ ಹೋದವು, ವಿಷಯ ಕೋರ್ಟುಗಳ ಪಾಲಾಯಿತು. ಅದು ಕಾರಿನ ಕಥೆ. ಲಾರಿಯ ಬಗ್ಗೆ ಅಷ್ಟು ಗಟ್ಟಿಯಾಗಿ ಯಾರೂ ಕೇಳಿಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳೂ ಅದರ ಪಟ್ಟಿಯಲ್ಲಿದ್ದವು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ಬಂತು. ಪೋರ್ಟಲ್ ತೆರೆದು ನೋಡಿ ಎಂದು ಮೇಸ್ತ್ರಿಗೆ ತೋರಿಸಿದೆ. ಕಂಪನಿಗಳ ಕಸ್ಟಮರ್ ಕೇರ್ ವಿವರ, ಸರ್ವಿಸ್ ಸೆಂಟರಿನ ಕೊಂಡಿ ಇಂಥವನ್ನೆಲ್ಲ ಸಮಾಧಾನವಾಗಿ ನೋಡಿ, "ಈ ನಂಬರ್ ನಮ್ಮ ಹತ್ರ ಮೊದ್ಲೇ ಐತಲ್ಲೋ" ಎಂದರು.

ಪೋರ್ಟಲ್ಲಿಗಿಂತ ನಿಯಮ ಬೇಕು. ಬಿಎಸ್-6 ಬೇಕು ಎಂದು ತಾರೀಖು ಗೊತ್ತು ಮಾಡಿ ಜಾರಿ ಮಾಡಿದ ಸರ್ಕಾರಕ್ಕೆ ಇದೇನು ಕಷ್ಟದ ಕೆಲಸವಲ್ಲ. ಲಾರಿ ಮಾರುವ ಅನುಮತಿ ಬೇಕಿದ್ದರೆ ಅದರ ಇಸಿಎಂಗೆ ಮೂಲ ಸಾಫ್ಟ್‌ವೇರು ಹಾಕುವ ಸಾಧನವನ್ನು ನೋಂದಾಯಿತ ಗ್ಯಾರೇಜಿಗೆ ನ್ಯಾಯವಾದ ಬೆಲೆಗೆ ಕೊಡಬೇಕು ಎಂದು ಒಂದು ಷರತ್ತು ಸೇರಿಸಲಿ. ಮೂಲ ಸಾಫ್ಟ್‌ವೇರು ಎಂಬುದನ್ನು ಒತ್ತಿ ಹೇಳುತ್ತೇನೆ. ಅದನ್ನು ತಿದ್ದುವ ಹಕ್ಕು ನಮಗೆ ಬೇಡ, ಕಂಪನಿ ಬರೆದದ್ದನ್ನೇ ಹಾಗೇ ಹಾಕುವ ಹಕ್ಕು ಸಾಕು.

ಈ ಪುಟ ಓದುವ ನನ್ನ ಓರಗೆಯವರಿಗೆ ಇದರಲ್ಲಿ ಏನಿದೆ ಅನ್ನಿಸಬಹುದು. ಇದೆ. ಐಟಿಐನಲ್ಲಿ ಮೆಕ್ಯಾನಿಕ್ ಡೀಸೆಲ್ ಒಂದು ವರ್ಷದ ಕೋರ್ಸು, ಮೋಟಾರ್ ವೆಹಿಕಲ್ ಎರಡು ವರ್ಷದ್ದು. ಪ್ರತಿ ವರ್ಷ ರಾಜ್ಯದಲ್ಲಿ ಎಷ್ಟೋ ಹುಡುಗರು, ಈಗೀಗ ಕೆಲವು ಹುಡುಗಿಯರೂ ಈ ಕೋರ್ಸು ಮುಗಿಸಿ ಹೊರಬರುತ್ತಾರೆ. ಪಠ್ಯದಲ್ಲಿ ಇಸಿಎಂ, ಸೆನ್ಸರ್ ಎಲ್ಲ ಇವೆ. ಎಷ್ಟು ಕಡೆ ಅವರ ಕೈಗೆ ಚಾಲೂ ಇರುವ ಬಿಎಸ್-6 ಎಂಜಿನ್ ಸಿಗುತ್ತದೆ, ಸ್ಕ್ಯಾನರ್ ಸಿಗುತ್ತದೆ ಎಂಬುದು ಬೇರೆ ಪ್ರಶ್ನೆ. ನಮ್ಮ ಗ್ಯಾರೇಜಿಗೆ ಬರುವ ಹೊಸಬರು ವಾಲ್ವ್ ಸೆಟ್ಟಿಂಗ್ ಹೇಳಿದರೆ ಮಾಡುತ್ತಾರೆ, ಮಲ್ಟಿಮೀಟರ್ ಕೊಟ್ಟರೆ ಯಾವ ಕಡೆ ತಿರುಗಿಸಲಿ ಎಂದು ಮುಖ ನೋಡುತ್ತಾರೆ. ಅವರಲ್ಲಿ ಬುದ್ಧಿಗೆ ಕೊರತೆ ಇಲ್ಲ. ಎರಡು ವಾರ ಕೂರಿಸಿಕೊಂಡು ಹೇಳಿಕೊಟ್ಟರೆ ನನಗಿಂತ ಚುರುಕಾಗಿ ವೈರಿಂಗ್ ಡಯಾಗ್ರಾಂ ಓದುತ್ತಾರೆ. ರಾಜ್ಯದಲ್ಲಿ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರ ಕೊಟ್ಟು ಮೇಲ್ದರ್ಜೆಗೇರಿಸಿದ್ದಾರೆ. ಹೆದ್ದಾರಿ ಹಾದುಹೋಗುವ ತಾಲ್ಲೂಕುಗಳಲ್ಲಾದರೂ ಒಂದೊಂದು ಲಾರಿ ಎಂಜಿನ್ನು, ಅದರ ಇಸಿಎಂ, ಬೇಕೆಂದೇ ಕೆಡಿಸಿ ಹುಡುಕಿಸಲು ಒಂದು ವೈರಿಂಗ್ ಬೋರ್ಡು ಇಟ್ಟರೆ ಅದರ ಉಪಯೋಗ ಮರುದಿನವೇ ರಸ್ತೆಯಲ್ಲಿ ಕಾಣುತ್ತದೆ.

ಆದರೆ ಕಲಿತವನಿಗೂ ಕೊನೆಯ ಮೆಟ್ಟಿಲಲ್ಲಿ ಅದೇ ಬೀಗ ಎದುರಾದರೆ? ರೋಗ ಪತ್ತೆ ಹಚ್ಚುವವನು ಹಳ್ಳಿಯ ಹುಡುಗ, ಔಷಧಿ ಚೀಟಿ ಬರೆಯುವ ಅಧಿಕಾರ ಮಾತ್ರ ನೂರು ಕಿಲೋಮೀಟರ್ ದೂರದ ಲ್ಯಾಪ್‌ಟಾಪಿಗೆ. ಹೀಗಾದರೆ ಒಳ್ಳೆಯ ಕೈಗಳು ಈ ಕೆಲಸ ಬಿಟ್ಟು ಡೆಲಿವರಿ ಬೈಕು ಹತ್ತುತ್ತವೆ. ನನ್ನ ಜೊತೆ ಡಿಪ್ಲೊಮಾ ಮಾಡಿದವರಲ್ಲಿ ಇಬ್ಬರು ಆಗಲೇ ಹತ್ತಿದ್ದಾರೆ. ಅವರ ಸಂಪಾದನೆ ಸದ್ಯಕ್ಕೆ ನನಗಿಂತ ಹೆಚ್ಚು, ಸುಳ್ಳು ಹೇಳುವುದಿಲ್ಲ.

ನಿಯಮ ಬರುವ ತನಕ ಮಾಲೀಕರು ಸುಮ್ಮನೆ ಕೂರಬೇಕಿಲ್ಲ. ಲಾರಿ ಚೆನ್ನಾಗಿ ಓಡುತ್ತಿರುವಾಗಲೇ ಇಸಿಎಂ ನಂಬರಿನ ಫೋಟೊ, ಇಂಜೆಕ್ಟರ್ ಕೋಡುಗಳ ಪಟ್ಟಿ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಇಸಿಎಂ ಹೋಗಿದೆ ಎಂದು ಯಾರೇ ಹೇಳಿದರೂ ಯಾವ ಕೋಡ್ ಬಂತು, ಕ್ರ್ಯಾಂಕ್ ಮಾಡುವಾಗ ಪಿನ್ನಿನಲ್ಲಿ ಎಷ್ಟು ವೋಲ್ಟ್ ಇತ್ತು, ಅರ್ತ್ ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿ. ತಡವರಿಸಿದರೆ ಗಾಡಿ ಬಿಚ್ಚಲು ಬಿಡಬೇಡಿ. ಹಳೆ ಡಬ್ಬಿಯನ್ನು ಗುಜರಿಗೆ ಹಾಕಬೇಡಿ, ಅದರೊಳಗೆ ನಿಮ್ಮ ಲಾರಿಯ ಮಾಹಿತಿ ಇನ್ನೂ ಇರಬಹುದು. ಮುಂದಿನ ಲಾರಿ ಬುಕ್ ಮಾಡಲು ಹೋದಾಗ ಮೈಲೇಜು, ಟೈರು, ಕ್ಯಾಬಿನ್ ಎಸಿ ಬಗ್ಗೆ ಕೇಳುವ ಹಾಗೆಯೇ 'ಇಸಿಎಂ ಹೋದರೆ ನಮ್ಮ ತಾಲ್ಲೂಕಿನಲ್ಲೇ ಹಾಕಿಕೊಡುವವರು ಯಾರು, ಎಷ್ಟು ದಿನದಲ್ಲಿ?' ಎಂದೂ ಕೇಳಿ. ಸೇಲ್ಸ್‌ನವರು ನಗುನಗುತ್ತಾ 'ಎಲ್ಲಾ ಆಗುತ್ತೆ ಸಾರ್' ಅನ್ನುತ್ತಾರೆ. ಅದನ್ನು ಆರ್ಡರ್ ಫಾರಂ ಮೇಲೆ ಬರೆಸಿ, ಸಹಿ ಹಾಕಿಸಿಕೊಂಡ ಮೇಲೆ ಅಡ್ವಾನ್ಸ್ ಕೊಡಿ.